ಗಡಿಯಾರದ ಕಂಪನಿಯ ಟ್ರ್ಯಾಕ್ಟರ್

ಎಚ್‌ಎಂಟಿ ಅಂದರೆ ನಮಗೆಲ್ಲ ನೆನಪಾಗುವುದು ಕೈಗಡಿಯಾರ. ಆದರೆ 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ ಹೊಲಕ್ಕೂ ಇಳಿದಿತ್ತು. 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನ ತಂದು 25 ಎಚ್‌ಪಿ ಟ್ರ್ಯಾಕ್ಟರ್ ಶುರು ಮಾಡಿತು. 2016ರಲ್ಲಿ ಆ ಘಟಕ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ಕಾರ್ಖಾನೆ ನಿಂತರೂ ಹಳೇ ಗಾಡಿಗಳು ಕೈ ಬದಲಾಯಿಸುತ್ತಲೇ ಇವೆ. ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗಬೇಡಿ. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ರಿಪೇರಿ ಖರ್ಚು ದೊಡ್ಡದು. ಬಿಡಿಭಾಗ ಎಲ್ಲಿ ಸಿಗುತ್ತದೆಂದು ದುಡ್ಡು ಕೊಡುವ ಮೊದಲೇ ಮೆಕ್ಯಾನಿಕ್‌ನನ್ನು ಕೇಳಿ.

ಈ ಗಾಡಿ ಬಿಚ್ಚಿ ಜೋಡಿಸಬಲ್ಲ ಹಳೇ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿದ್ದಾರೆ. ಅವರ ಕೆಲಸವನ್ನು ಹುಡುಗರು ಈಗಲೇ ಕಲಿಯದಿದ್ದರೆ, ನಾಳೆ ಇವು ಗುಜರಿಗೆ ಹೋಗುತ್ತವೆ.