ಕುಲುಮೆ, ಕಾಗದ ಮತ್ತು ಮಲೆನಾಡಿನ ಕಾಡು

ಮೈಸೂರು ಸೀಮೆಯಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ನಾಲ್ಕೇ ವರ್ಷಕ್ಕೆ, 1868ರಲ್ಲಿ, ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಬಗ್ಗೆ ಜಂಟಿ ವರದಿ ಬರೆದರು. ಕಾನು ಎಂದರೇನೆಂದು ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ನೀರೊರತೆಯ ಪಕ್ಕದ ನಿತ್ಯಹಸಿರು ಕಾಡು ಅದು. ಮರಕ್ಕೆ ಕಾಳುಮೆಣಸಿನ ಬಳ್ಳಿ, ಮಧ್ಯೆ ಬೈನೆ, ಒಳಗೊಂದು ದೇವರ ಬನ. ಊರವರು ಅದಕ್ಕೆ ಕಂದಾಯ ಕಟ್ಟುತ್ತಿದ್ದರು, ಫಸಲು ತೆಗೆಯುತ್ತಿದ್ದರು, ಮರವನ್ನು ಮಾತ್ರ ಉಳಿಸುತ್ತಿದ್ದರು. ಸಾಗರ, ಹೊಸನಗರದ ಕಡೆಯ ಅಡಿಕೆ ತೋಟದವರಿಗೆ ತೋಟಕ್ಕೆ ಸೊಪ್ಪು ತರಲು ಸೊಪ್ಪಿನ ಬೆಟ್ಟವಿತ್ತು. ಅಲ್ಲೂ ಕೊಂಬೆ ಕಡಿಯಬೇಕು, ತುದಿ ಬಿಡಬೇಕು; ತುದಿ ಕಡಿದರೆ ಮುಂದಿನ ವರ್ಷ ಸೊಪ್ಪಿಲ್ಲ. ಇದನ್ನೆಲ್ಲ ಸುವರ್ಣಯುಗ ಎಂದು ಹೊಗಳುವ ಚಾಳಿ ನನಗಿಲ್ಲ. ಎಷ್ಟೋ ಬೆಟ್ಟಗಳು ಕಡಿದು ಕಡಿದೇ ಬೋಳಾದವು. ಆದರೆ ಕಡಿಯುವವನಿಗೆ ನಾಳೆಯೂ ಅದೇ ಮರದ ಹಂಗಿತ್ತು ಎಂಬುದು ನಿಜ.

ಆ ಹಂಗು ತಪ್ಪಿದ್ದು ಭದ್ರಾವತಿಯಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಊದುಕುಲುಮೆಗೆ ಹಾಕಿದ್ದು ಸುತ್ತಲ ಕಾಡಿನ ಇದ್ದಿಲು. ಸೌದೆಯನ್ನು ಬಟ್ಟಿ ಇಳಿಸಿ ಇದ್ದಿಲಿನ ಜೊತೆಗೆ ಮೆಥನಾಲ್, ಟಾರು ತೆಗೆಯುವ ಘಟಕವನ್ನೂ ಕಟ್ಟಿದರು. ಹೊಗೆಯನ್ನೂ ವ್ಯರ್ಥ ಮಾಡದ ಆ ಜಾಣ್ಮೆಗೆ ಇವತ್ತಿಗೂ ತಲೆದೂಗಬೇಕು. ಕಾಡನ್ನು ಕೂಪುಗಳಾಗಿ ವಿಂಗಡಿಸಿ, ಒಂದೊಂದು ವರ್ಷ ಒಂದೊಂದನ್ನು ಕಡಿದು, ಬುಡ ಚಿಗುರಲು ಬಿಡುವುದು ಆ ಕಾಲದ ಅರಣ್ಯಶಾಸ್ತ್ರದ ಪಾಠ. ಯೋಜನೆ ಇಲ್ಲದೆ ಕಾಡು ಹಾಳಾಯಿತೆಂಬ ಮಾತು ಹಾಗಾಗಿ ಪೂರ್ತಿ ಸರಿಯಲ್ಲ. ಯೋಜನೆ ಇತ್ತು, ಅದರ ಅಳತೆಗೋಲು ಮಾತ್ರ ಕುಲುಮೆಯ ಹಸಿವಾಗಿತ್ತು.

1936ರಲ್ಲಿ ಅದೇ ಊರಿಗೆ ಮೈಸೂರು ಕಾಗದ ಕಾರ್ಖಾನೆ ಬಂತು. ಜನರ ಬಾಯಲ್ಲಿ ಎಂಪಿಎಂ. ಅದರ ಮೊದಲ ಮೇವು ಬಿದಿರು. ಮೇದರರಿಗೆ, ರೈತರಿಗೆ ಬುಟ್ಟಿ, ತಟ್ಟಿಗೆ ಸಿಗದ ಬಿದಿರು ಕಾರ್ಖಾನೆಗಳಿಗೆ ಬಿಡಿಗಾಸಿಗೆ ಹೋಗುತ್ತಿದೆ ಎಂಬ ದೂರು ರಾಜ್ಯದುದ್ದಕ್ಕೂ ಎದ್ದಾಗ, 1970ರ ದಶಕದಲ್ಲಿ ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ಎಸ್.ಎನ್. ಪ್ರಸಾದ್ ಅದರ ಅಧ್ಯಯನಕ್ಕೆ ಇಳಿದರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಹುಲುಸಾಗುತ್ತದೆ ಎಂಬುದು ಇಲಾಖೆಯ ನಂಬಿಕೆ. ಅವರು ಕಂಡದ್ದು ಬೇರೆ. ಮುಳ್ಳಿನ ಬೇಲಿ ಹೋದ ಮೆಳೆಯಲ್ಲಿ ಎಳೆ ಕಳಲೆಗೆ ದನ, ಕಾಡುಪ್ರಾಣಿಗಳು ಸಲೀಸಾಗಿ ಬಾಯಿ ಹಾಕುತ್ತಿದ್ದವು. ಹಳ್ಳಿಯವರಿಗೆ ಮೊದಲೇ ಗೊತ್ತಿದ್ದ ಸಂಗತಿ. ನನ್ನ ಮಟ್ಟಿಗೆ ಈ ನಾಡಿನ ಅರಣ್ಯ ವಿಜ್ಞಾನ ನಿಜವಾಗಿ ತಿರುವು ಪಡೆದದ್ದು ಈ ಮುಳ್ಳಿನ ಬಳಿ.

ನೀತಿ ತಿರುಗಲಿಲ್ಲ. 1980ರಲ್ಲಿ ಎಂಪಿಎಂಗೆ ನೆಡುತೋಪಿಗೆಂದು ಸಾವಿರಾರು ಹೆಕ್ಟೇರ್ ಅರಣ್ಯಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು. ನೀಲಗಿರಿ, ಅಕೇಶಿಯಾ ಎದ್ದವು. ಅಕೇಶಿಯಾ ತೋಪಿನೊಳಗೆ ಕಾಲಿಟ್ಟು ನೋಡಿ: ಕುಡುಗೋಲಿನಂತೆ ಬಾಗಿದ ತೊಗಲಿನಂಥ ಎಲೆಗಳು ಬೇಗ ಕೊಳೆಯದೆ ಪದರ ಪದರವಾಗಿ ಬಿದ್ದಿರುತ್ತವೆ, ನಡೆದರೆ ಸದ್ದು. ದನಕ್ಕೆ ಮೇವಿಲ್ಲ, ಬೇಸಿಗೆಯಲ್ಲಿ ಕಿಡಿ ತಾಗಿದರೆ ಹೇಳುವುದೇ ಬೇಡ. ಸುರುಳಿ ಕಾಯಿ ಒಡೆದಾಗ ಕರಿ ಬೀಜಕ್ಕೊಂದು ಕಿತ್ತಳೆ ಬಣ್ಣದ ದಾರ. ಅದಕ್ಕೆ ಮರುಳಾಗಿ ಹಕ್ಕಿಗಳು ಬೀಜವನ್ನು ಬೇರೆಡೆಗೂ ಒಯ್ಯುತ್ತವೆ.

ಪ್ರತಿಭಟನೆ ಮೊದಲು ಎದ್ದದ್ದು ಪಕ್ಕದ ಸೀಮೆಯಲ್ಲಿ. 1984ರಲ್ಲಿ ಹರಿಹರ ಪಾಲಿಫೈಬರ್ಸ್ ಜೊತೆ ಸರ್ಕಾರ ಮಾಡಿಕೊಂಡ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಶಿವಮೊಗ್ಗವೂ ಸೇರಿ ನಾಲ್ಕು ಜಿಲ್ಲೆಗಳ ಗೋಮಾಳದಂಥ ನೆಲ ನಿಗದಿಯಾಗಿತ್ತು. 1987ರ ನವೆಂಬರ್ 14ರಂದು ಅಲ್ಲಿನ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಹೂಡಿತು: ನೀಲಗಿರಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚುವುದು. ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1991ರಲ್ಲಿ ಕಂಪನಿ ಮುಚ್ಚಿತು. ಎರಡೇ ವರ್ಷಕ್ಕೆ ಜಂಟಿ ಅರಣ್ಯ ಯೋಜನೆಯ ಆದೇಶ ಬಂದು ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಹಣ ಇರುವಷ್ಟು ದಿನ ಬದುಕಿದ ಸಮಿತಿಗಳೇ ಹೆಚ್ಚು.

ನೆಲದ ವ್ಯಾಜ್ಯ ಬೇರೆಯೇ ಇದೆ. ಶರಾವತಿ ವಿದ್ಯುತ್ ಯೋಜನೆಯಲ್ಲಿ ಊರು ಮುಳುಗಿದವರನ್ನು 1960ರ ಸುಮಾರಿಗೆ ಶಿವಮೊಗ್ಗದ ಸುತ್ತಲ ಕಾಡಿಗೆ ತಂದು ಇಳಿಸಿದರು, ಹಕ್ಕುಪತ್ರದ ಕೆಲಸ ಅರ್ಧಕ್ಕೆ ನಿಂತಿತು. 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯ ಘೋಷಣೆಯಾದಾಗ ಕೆಲವು ಊರುಗಳು ಅದರೊಳಗೇ ಉಳಿದವು. ಅವರಿಗಾಗಿ ಅರಣ್ಯವನ್ನು ಡೀನೋಟಿಫೈ ಮಾಡಿದ ರಾಜ್ಯದ ಆದೇಶಗಳು ಕೇಂದ್ರದ ಅನುಮತಿ ಇಲ್ಲದ ಕಾರಣ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. ನಾಡಿಗೆ ಕರೆಂಟು ಕೊಟ್ಟವರು ಇನ್ನೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ.

ಎಂಪಿಎಂ ಯಂತ್ರ 2015ರ ಹೊತ್ತಿಗೆ ನಿಂತಿತು. ಆದರೂ 2020ರಲ್ಲಿ ಗುತ್ತಿಗೆ ಮುಗಿದಾಗ ಸರ್ಕಾರ ಸುಮಾರು 20 ಸಾವಿರ ಹೆಕ್ಟೇರನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಿತು. ಮೇಯುವ ಹಸುವಿಲ್ಲ, ಹುಲ್ಲುಗಾವಲಿಗೆ ಬೇಲಿ! 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂಬ ಹೋರಾಟ ಶಿವಮೊಗ್ಗ ಜಿಲ್ಲೆಯಲ್ಲಿ ಎದ್ದದ್ದು ಆಗ. ಅಕೇಶಿಯಾವನ್ನು ಹಂತಹಂತವಾಗಿ ಕಡಿದು, ಅಡಿಯಲ್ಲಿ ತಾನಾಗಿ ಎದ್ದ ಮತ್ತಿ, ನಂದಿ, ಹೊನ್ನೆಗಳನ್ನು ಉಳಿಸಿಕೊಂಡು ಹೋಗುವುದು ಕಷ್ಟದ ವಿದ್ಯೆಯೇನಲ್ಲ. ಆ ನೆಲ ಕಂಪನಿಯ ಹೆಸರಿನಿಂದ ಇಲಾಖೆಗೆ ಮರಳಲಿ, ಅದರ ಮುಂದಿನ ಕಾರ್ಯಯೋಜನೆ ಬರೆಯುವ ಮೇಜಿನ ಮುಂದೆ ಗ್ರಾಮ ಅರಣ್ಯ ಸಮಿತಿಗೂ ಒಂದು ಕುರ್ಚಿ ಹಾಕಲಿ.