ಸರಪಣಿಯ ಎಣ್ಣೆ ಹಿಂಬದಿ ಚಕ್ರಕ್ಕೆ ಸಿಡಿಯದಂತೆ ತಡೆಯುವ ಬಗೆ

ಮೋಟಾರ್ ಸೈಕಲ್ಲಿನ ಸರಪಣಿಗೆ ಎಣ್ಣೆ ಬಿಟ್ಟ ಮರುದಿನ ಹಿಂಬದಿ ಚಕ್ರದ ರಿಮ್ಮಿನ ಮೇಲೂ ಟೈರಿನ ಎಡ ಮಗ್ಗುಲಲ್ಲೂ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಬಹುಮಂದಿ ಇದನ್ನು ತೊಳೆಯುವ ತೊಂದರೆ ಎಂದಷ್ಟೇ ಎಣಿಸುತ್ತಾರೆ. ಆದರೆ ಟೈರಿನ ಅಂಚಿಗೆ ಬಿದ್ದ ಎಣ್ಣೆ ನಡುವೆ ಬಿದ್ದ ಎಣ್ಣೆಗಿಂತ ಮೋಸದ್ದು. ನೇರ ರಸ್ತೆಯಲ್ಲಿ ಆ ಅಂಚು ನೆಲವನ್ನು ಮುಟ್ಟುವುದೇ ಇಲ್ಲ. ವಾಹನ ಓರೆಯಾದಾಗ ಮಾತ್ರ ಮುಟ್ಟುತ್ತದೆ. ನಮ್ಮಲ್ಲಿ ಓಡುವ ಬಹುತೇಕ ಮೋಟಾರ್ ಸೈಕಲ್ಲುಗಳ ಸರಪಣಿ ಎಡಗಡೆಗೆ ಇರುವುದರಿಂದ ಎಣ್ಣೆ ಕೂರುವುದೂ ಎಡ ಅಂಚಿನಲ್ಲಿಯೇ. ಹತ್ತು ಕಿಲೋಮೀಟರ್ ಯಾವ ಸೂಚನೆಯೂ ಇಲ್ಲದೆ ಬಂದ ಸವಾರ ಕೆರೆ ಏರಿಯ ಮೊದಲ ಎಡ ತಿರುವಿನಲ್ಲಿ ಜಾರಿ ಬೀಳುವುದು ಹೀಗೆ.

ರಾಯದುರ್ಗ, ಮಡಕಶಿರಾ ಪ್ರದೇಶಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ರಾಯದುರ್ಗದ ಉತ್ತರಕ್ಕೆ ಕಣೇಕಲ್, ಬೊಮ್ಮನಹಾಳ್ ಮಂಡಲಗಳಲ್ಲಿ ವೇದಾವತಿ, ಅಂದರೆ ನಮ್ಮವರ ಬಾಯಲ್ಲಿ ಹಗರಿ, ಹರಿಯುವ ಕಡೆ ಮರಳಿನ ದಿಬ್ಬಗಳೇ ಎದ್ದಿವೆ. ಮುಂಗಾರಿನ ಗಾಳಿ ಬೀಸುವ ತಿಂಗಳುಗಳಲ್ಲಿ ನದೀಪಾತ್ರದ ನುಣ್ಣನೆಯ ಮರಳು ಹೊಲ, ರಸ್ತೆಗಳ ಮೇಲೆ ಹಾಸಿಕೊಳ್ಳುತ್ತದೆ. ಮಡಕಶಿರಾ ಕಡೆಯ ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳಲ್ಲಿ ಮರಳಿನ ಬದಲು ಕೆಂಪು ಮಣ್ಣಿನ ಧೂಳು. ಸರಪಣಿ ಬೇಗ ಒಣಗಿದಂತೆ ಕಾಣುವುದರಿಂದ ಜನ ಹೆಚ್ಚು ಎಣ್ಣೆ ಬಿಡುತ್ತಾರೆ; ಹೆಚ್ಚಾದ ಎಣ್ಣೆ ಮರಳನ್ನು ಹಿಡಿದುಕೊಂಡು ಸಾಣೆಯ ಲೇಪದಂತಾಗುತ್ತದೆ; ಅದರಲ್ಲಿ ಅರ್ಧ ಸರಪಣಿಯನ್ನು ತೇಯುತ್ತದೆ, ಉಳಿದರ್ಧ ಚಕ್ರಕ್ಕೆ ಸಿಡಿಯುತ್ತದೆ. ಒಣಗಿದೆ ಎಂದು ಮತ್ತೆ ಬಿಡುತ್ತಾರೆ.

ಸ್ಪ್ರೇ ಡಬ್ಬಿಗಳ ಮೇಲಿನ ಸೂಚನೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಮೆಕಾನಿಕ್ಕಿನ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಆದಕಾರಣ ಈ ಲೇಖನದಲ್ಲಿ ಬಳಸುವ ಪದಗಳನ್ನು ಮೊದಲೇ ಹೇಳಿಬಿಡುವುದು ಒಳಿತು. ಎಂಜಿನ್ನಿನ ಬಳಿ ಇರುವ ಚಿಕ್ಕ ಸ್ಪ್ರಾಕೆಟ್ಟು ಮುಂದಿನ ಹಲ್ಲುಗಾಲಿ. ಚಕ್ರದ ಜೊತೆ ತಿರುಗುವ ದೊಡ್ಡದು ಹಿಂದಿನ ಹಲ್ಲುಗಾಲಿ. ಹಲ್ಲಿನ ಮೇಲೆ ಉರುಳುವ ಕೊಳವೆ ಉರುಳೆ. ಅದರೊಳಗೆ ಇನ್ನೊಂದು ಸಣ್ಣ ಕೊಳವೆ. ಅದರೊಳಗೆ ಎರಡು ಪಟ್ಟಿಗಳನ್ನು ಬೆಸೆಯುವ ಕೀಲು. ಈ ರಚನೆಯನ್ನು 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನೋಲ್ಡ್ ರೂಪಿಸಿದ. ಇಂದಿಗೂ ಮೂಲತಃ ಅದೇ ಇದೆ.

ಎಣ್ಣೆ ಬೇಕಾಗಿರುವುದು ಕೀಲು ಮತ್ತು ಕೊಳವೆಯ ನಡುವಣ ಸಂದಿಗೆ, ಕೊಳವೆ ಮತ್ತು ಉರುಳೆಯ ನಡುವಣ ಸಂದಿಗೆ. ಹೊರಮೈಗೆ ತುಕ್ಕು ಹಿಡಿಯದಷ್ಟು ತೆಳು ಪೊರೆ ಸಾಕು. ಈಚಿನ ದೊಡ್ಡ ಮೋಟಾರ್ ಸೈಕಲ್ಲುಗಳ ಓ-ರಿಂಗ್ ಸರಪಣಿಯಲ್ಲಂತೂ ಕೀಲಿನ ಗ್ರೀಸನ್ನು ಕಾರ್ಖಾನೆಯಲ್ಲಿಯೇ ತುಂಬಿ ರಬ್ಬರ್ ಉಂಗುರಗಳಿಂದ ಮುಚ್ಚಿರುತ್ತಾರೆ. ಹೊರಗಿನಿಂದ ಬಿಟ್ಟ ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ಅದು ರಬ್ಬರನ್ನು ಮೃದುವಾಗಿಡುವುದಕ್ಕೆ ಮತ್ತು ಉರುಳೆಗಳಿಗೆ ಮಾತ್ರ. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿ ಬೆಳೆದ ಕೈಗಳಿಗೆ ಧಾರಾಳವಾಗಿ ಬಳಿಯುವ ರೂಢಿ ಉಳಿದಿರುವುದು ಸಹಜ. ಆದರೆ ಗಾಡಿಯ ಅಚ್ಚು ನಿಧಾನವಾಗಿ, ಗುಂಬದೊಳಗೆ ಅಡಗಿ ತಿರುಗುತ್ತದೆ. ಮೋಟಾರ್ ಸೈಕಲ್ಲಿನ ಸರಪಣಿ ಬಯಲಲ್ಲಿ ಓಡುತ್ತದೆ.

ಎಷ್ಟು ರಭಸದಿಂದ ಓಡುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮುಂದೆ 14, ಹಿಂದೆ 42 ಹಲ್ಲುಗಳು, ಕೀಲಿನಿಂದ ಕೀಲಿಗೆ 12.7 ಮಿಲಿಮೀಟರ್ ಅಂತರ, ಚಕ್ರದ ಸುತ್ತಳತೆ ಸುಮಾರು 1.9 ಮೀಟರ್ ಇರುವ ಸಾಧಾರಣ ವಾಹನ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನೋಣ. ಆಗ ಸರಪಣಿ ಸೆಕೆಂಡಿಗೆ 4.7 ಮೀಟರಿನಂತೆ ಸಾಗುತ್ತದೆ. ಹಿಂದಿನ ಹಲ್ಲುಗಾಲಿಯನ್ನು ಸುತ್ತುವಾಗ ಎಣ್ಣೆಯ ಹನಿಯನ್ನು ಹೊರಕ್ಕೆ ಎಸೆಯುವ ಸೆಳೆತ ಅದರ ತೂಕದ ಸುಮಾರು 27 ಪಟ್ಟು. ಮುಂದಿನ ಚಿಕ್ಕ ಹಲ್ಲುಗಾಲಿಯಲ್ಲಿ ಸುಮಾರು 80 ಪಟ್ಟು. ಮುಂದಿನ ಹಲ್ಲುಗಾಲಿಯ ಮುಚ್ಚಳ ತೆಗೆದರೆ ಒಳಗೆ ಕರಿ ಮುದ್ದೆ ಕಾಣುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇಷ್ಟು ಸೆಳೆತದ ಎದುರು ಅಂಟಿಕೊಂಡು ನಿಲ್ಲಬಲ್ಲದ್ದು ತೆಳು ಪೊರೆ ಮಾತ್ರ. ದಪ್ಪಗೆ ಕೂತದ್ದೆಲ್ಲ ಹೊರಟುಹೋಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಎಣ್ಣೆ ಇನ್ನಷ್ಟು ತೆಳುವಾಗಿ ಇನ್ನಷ್ಟು ಬೇಗ ಹೊರಡುತ್ತದೆ.

ಎಣ್ಣೆ ಬಿಡುವ ಹೊತ್ತು ಸಂಜೆ. ದಿನದ ಓಡಾಟ ಮುಗಿದು ಸರಪಣಿ ಬೆಚ್ಚಗಿರುವಾಗ ಎಣ್ಣೆ ಸಂದಿಗಿಳಿಯುತ್ತದೆ. ರಾತ್ರಿಯಿಡೀ ವಾಹನ ನಿಂತಿರುವುದರಿಂದ ಸ್ಪ್ರೇಯಲ್ಲಿನ ದ್ರಾವಕ ಆರಿ ಅಂಟಿನ ಪೊರೆ ಮಾತ್ರ ಉಳಿಯುತ್ತದೆ. ಬೆಳಿಗ್ಗೆ ಬಳ್ಳಾರಿಗೋ ಹಿಂದೂಪುರಕ್ಕೋ ಹೊರಡುವ ಹತ್ತು ನಿಮಿಷ ಮುಂಚೆ ಬಿಟ್ಟ ಎಣ್ಣೆ ಮೊದಲ ಮೈಲಿಯಲ್ಲಿಯೇ ಚಕ್ರದ ಪಾಲು. ವಾಹನವನ್ನು ನಡುಸ್ಟ್ಯಾಂಡಿಗೆ ಹಾಕಿ, ಎಂಜಿನ್ ಆರಿಸಿ, ನ್ಯೂಟ್ರಲ್ಲಿನಲ್ಲಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಎಂಜಿನ್ ಓಡಿಸಿ ಗೇರಿನಲ್ಲಿಟ್ಟು ಎಣ್ಣೆ ಬಿಡುವ ಚಾಳಿ ಕೆಲವೆಡೆ ಇದೆ. ಬಟ್ಟೆ ಹಲ್ಲಿಗೆ ಸಿಕ್ಕರೆ ಹಿಂದೆಯೇ ಬೆರಳು ಹೋಗುತ್ತದೆ. ಈ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ.

ಮೊದಲು ಹಳೆಯ ಕೊಳೆ ಹೋಗಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಆರಲು ಬಿಡಬೇಕು. ಪೆಟ್ರೋಲ್ ಬೇಡ, ಅದು ಓ-ರಿಂಗುಗಳನ್ನು ಕೆಡಿಸುತ್ತದೆ, ಬೆಂಕಿಯ ಭಯವೂ ಉಂಟು. ಅನಂತರ ಸರಪಣಿ ಮತ್ತು ಚಕ್ರದ ನಡುವೆ ಹಳೆಯ ರಟ್ಟಿನ ತುಂಡೊಂದನ್ನು ನಿಲ್ಲಿಸಬೇಕು. ಹಿಂದೆ ಡಿಸ್ಕ್ ಬ್ರೇಕ್ ಇದ್ದರೆ ಅದಕ್ಕೂ ಬಟ್ಟೆ ಹೊದಿಸಬೇಕು: ಡಿಸ್ಕು ಹೆಚ್ಚಾಗಿ ಬಲಗಡೆಗೆ ಇದ್ದರೂ ಸ್ಪ್ರೇಯ ಮಂಜು ಅರೆಗಳ ನಡುವಿನಿಂದ ಅತ್ತ ದಾಟುತ್ತದೆ. ಎಣ್ಣೆಯನ್ನು ಸರಪಣಿಯ ಕೆಳಗಿನ ಸಾಲಿನ ಒಳಮುಖಕ್ಕೆ, ಅಂದರೆ ಹಲ್ಲುಗಾಲಿಗೆ ತಾಗುವ ಮುಖಕ್ಕೆ ಬಿಡಬೇಕು. ತಿರುಗುವಾಗ ಹೊರಸೆಳೆತ ಆ ಎಣ್ಣೆಯನ್ನು ಕೊಂಡಿಗಳ ಸಂದಿಯ ಮೂಲಕವೇ ಹೊರಗೆ ತಳ್ಳುತ್ತದೆ. ಹೊರಮುಖಕ್ಕೆ ಬಿಟ್ಟದ್ದು ಸಂದಿಗಿಳಿಯದೆ ನೇರ ಹಾರಿಹೋಗುತ್ತದೆ. ಒಂದು ಕೊಂಡಿಗೆ ಗುರುತು ಹಾಕಿಕೊಂಡು, ಎಡ ಅಂಚಿನ ಪಟ್ಟಿಗಳ ಸಂದಿಗೆ ಒಂದು ಸುತ್ತು, ಬಲ ಅಂಚಿಗೆ ಒಂದು ಸುತ್ತು. ಸೀಸೆಯ ಎಣ್ಣೆಯಾದರೆ ಪ್ರತಿ ಉರುಳೆಗೆ ಒಂದೊಂದೇ ಹನಿ.

ಬಹುಮಂದಿ ಬಿಡುವ ಹೆಜ್ಜೆ ಮುಂದಿನದು. ಎಣ್ಣೆ ಬಿಟ್ಟು ಹತ್ತು ಹದಿನೈದು ನಿಮಿಷ ಚಕ್ರವನ್ನು ಆಗಾಗ ತಿರುಗಿಸಿ, ಅನಂತರ ಒಣಬಟ್ಟೆಯನ್ನು ಸರಪಣಿಯ ಸುತ್ತ ಸಡಿಲವಾಗಿ ಹಿಡಿದು, ಹಲ್ಲುಗಾಲಿಗಳಿಂದ ದೂರವಾಗಿ, ಎರಡು ಮೂರು ಸುತ್ತು ಒರೆಸಬೇಕು. ಈಗಷ್ಟೇ ಬಿಟ್ಟ ಎಣ್ಣೆಯನ್ನು ಒರೆಸುವುದು ವ್ಯರ್ಥವೆಂದು ತೋರಬಹುದು. ಆದರೆ ಬಟ್ಟೆಗೆ ಬಂದದ್ದೆಲ್ಲ ನಾಳೆ ಟೈರಿಗೆ ಹೋಗಬೇಕಾಗಿದ್ದುದೇ. ಈ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಬೇಕು.

ಎಣ್ಣೆಯ ಆಯ್ಕೆಗೆ ಬಂದರೆ, 90ರ ಗೇರ್ ಆಯಿಲ್ ಅಗ್ಗ, ಒಳ್ಳೆಯದು. ಆದರೆ ಒರೆಸದೆ ಬಿಟ್ಟರೆ ಇದರಷ್ಟು ಸಿಡಿಯುವುದು ಬೇರೊಂದಿಲ್ಲ. ಸರಪಣಿಗೆಂದೇ ಮಾರುವ ಸ್ಪ್ರೇ ಆರಿದ ಮೇಲೆ ಅಂಟಿಕೊಂಡು ನಿಲ್ಲುತ್ತದೆ, ಧೂಳನ್ನೂ ಹಿಡಿಯುತ್ತದೆ. ಮೇಣದ ಬಗೆಯ ಸ್ಪ್ರೇ ಧೂಳನ್ನು ಕಡಿಮೆ ಹಿಡಿಯುವುದರಿಂದ ಹಗರಿಯ ದಂಡೆಯ ಊರುಗಳಿಗೆ ಹೆಚ್ಚು ಒಗ್ಗುತ್ತದೆ. ಮಳೆಗೆ ಬೇಗ ತೊಳೆದುಹೋಗುವುದು ಅದರ ದೋಷ, ಆದರೆ ಮಳೆಯೇ ಅಪರೂಪವಾದ ಸೀಮೆಯಲ್ಲಿ ಅದು ದೊಡ್ಡ ದೋಷವಲ್ಲ. ಗ್ಯಾರೇಜುಗಳಲ್ಲಿ ಪುಕ್ಕಟೆ ಸಿಗುವ ಸುಟ್ಟ ಎಂಜಿನ್ ಆಯಿಲ್ಲಿನಲ್ಲಿ ಮಸಿ, ಲೋಹದ ಪುಡಿ, ಆಮ್ಲ ಎಲ್ಲವೂ ಇರುತ್ತವೆ. ಪುಕ್ಕಟೆ ಎಣ್ಣೆ ಸರಪಣಿಯ ಬೆಲೆಯನ್ನೇ ತಿನ್ನುತ್ತದೆ. ಗ್ರೀಸು ಸಂದಿಗಿಳಿಯದೆ ಮೇಲೆಯೇ ಕೂತು ಮರಳನ್ನು ಕಲಸಿಕೊಳ್ಳುತ್ತದೆ.

ಎಣ್ಣೆ ಸರಿಯಿದ್ದೂ ಸಿಡಿಯುತ್ತಿದ್ದರೆ ಸರಪಣಿಯ ಸಡಿಲವನ್ನು ನೋಡಬೇಕು. ಜೋತುಬಿದ್ದ ಸರಪಣಿ ಬಡಿದಾಡುತ್ತ ಎಣ್ಣೆಯನ್ನು ಕೊಡವುತ್ತದೆ. ಕೆಳಸಾಲಿನ ನಡುವೆ ಎಷ್ಟು ಆಡಬೇಕೆಂಬುದು ವಾಹನದಿಂದ ವಾಹನಕ್ಕೆ ಬೇರೆ. ಕೈಪಿಡಿಯ ಅಂಕಿಯನ್ನೇ ನಂಬಬೇಕು. ಹಾಲಿನ ಕ್ಯಾನುಗಳನ್ನೋ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನೋ ಹೊರಿಸಿದಾಗ ಹಿಂಬದಿ ಕುಸಿದು ಸರಪಣಿ ಬಿಗಿಯುತ್ತದೆ ಎಂಬುದನ್ನು ನೆನಪಿಟ್ಟು, ಸಿಡಿಯುತ್ತದೆಂದು ಅತಿಯಾಗಿ ಬಿಗಿಸಬಾರದು.

ಇನ್ನು ಮುಚ್ಚಳದ ಮಾತು. ಸ್ಪ್ಲೆಂಡರಿನಂತಹ ವಾಹನಗಳಲ್ಲಿ ಸರಪಣಿಯನ್ನು ಪೂರ್ತಿ ಮುಚ್ಚುವ ಪೆಟ್ಟಿಗೆ ಇರುತ್ತದೆ. ಸಿಡಿದ ಎಣ್ಣೆ ಅದರೊಳಗೇ ಉಳಿಯುತ್ತದೆ, ಮರಳು ಒಳಬರುವುದೂ ಕಡಿಮೆ. ಅದು ಸದ್ದು ಮಾಡುತ್ತದೆಂದು, ಅಥವಾ ಅಂದ ಕೆಡಿಸುತ್ತದೆಂದು ಬಿಚ್ಚಿಡುವ ಯುವಕರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಅದರ ಜೊತೆಗೆ ಸೀರೆ ಗಾರ್ಡೂ ಹೋಗುತ್ತದೆ. ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ಪೆಟ್ಟಿಗೆಯಿಲ್ಲದ ಸರಪಣಿಯ ಎಣ್ಣೆ ಮೊದಲು ಹತ್ತುವುದು ಪಕ್ಕಕ್ಕೆ ಕೂತು ಬರುವವರ ಸೆರಗಿಗೇ. ರೇಷ್ಮೆ ಬೆಳೆಯುವ ಸೀಮೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಎಣ್ಣೆ ಈಗಾಗಲೇ ಚಕ್ರಕ್ಕೆ ಬಿದ್ದಿದ್ದರೆ ರಿಮ್ಮನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಬಹುದು, ಟೈರನ್ನು ಕೂಡದು. ಟೈರಿಗೆ ಪಾತ್ರೆ ತೊಳೆಯುವ ಸೋಪಿನ ನೀರು, ಬ್ರಷ್ಷು. ಮೂರು ನಾಲ್ಕು ಸಲ ತೊಳೆದು ಒಣಗಿಸಿ, ಮೊದಲ ಕೆಲವು ಕಿಲೋಮೀಟರ್ ತಿರುವುಗಳಲ್ಲಿ ವಾಹನವನ್ನು ಓರೆಗೊಳಿಸದೆ ನಿಧಾನವಾಗಿ ಹೋಗಬೇಕು. ಡಿಸ್ಕನ್ನು ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬಹುದು. ಆದರೆ ಎಣ್ಣೆ ಕುಡಿದ ಪ್ಯಾಡುಗಳನ್ನು ಬದಲಿಸುವುದೇ ಕ್ಷೇಮ.

ಸುಮಾರು 500 ಕಿಲೋಮೀಟರಿಗೆ ಒಮ್ಮೆ ಎಣ್ಣೆ ಬಿಡುವುದು ಸಾಮಾನ್ಯ ರೂಢಿ. ಗಾಳಿಯ ತಿಂಗಳುಗಳಲ್ಲಿ ಅದಕ್ಕೂ ಮುಂಚೆ ಸರಪಣಿಯನ್ನು ಶುಚಿಗೊಳಿಸಬೇಕಾಗುತ್ತದೆ. ಆಗ ಹೆಚ್ಚಬೇಕಾದ್ದು ಶುಚಿಯ ಸರದಿ, ಎಣ್ಣೆಯ ಪ್ರಮಾಣವಲ್ಲ. ಪ್ರಮಾಣ ಸರಿಯಾಯಿತೇ ಎಂದು ನೋಡಲು ಮರುದಿನ ಬೆಳಿಗ್ಗೆ, ಎಂಜಿನ್ ಆರಿಸಿ ನಿಂತ ವಾಹನದ ಸರಪಣಿಯ ಹೊರಪಟ್ಟಿಯನ್ನು ಬೆರಳಿನಿಂದ ಸವರಬೇಕು. ಬೆರಳಿಗೆ ತೆಳ್ಳನೆಯ ಜಿಡ್ಡು ಹತ್ತಿದರೆ ಸರಿಯಾಗಿದೆ; ಹನಿ ನಿಂತರೆ ಇನ್ನೊಮ್ಮೆ ಒರೆಸಿಯೇ ಹೊರಡಬೇಕು.