ಎರಡು ಸಾಫ್ಟ್‌ವೇರು, ಎರಡು ವಂಶಾವಳಿ

ನಮ್ಮ ತಂಡದಲ್ಲಿ ಈಗ ಒಂದೇ ಜಗಳ. ಆಂಪ್ಲಿಟ್ಯೂಡ್ ಥರದ್ದು ತಗೊಳ್ಳೋದಾ, ಟ್ಯಾಬ್ಲೋ ಥರದ್ದಾ? ಈ ವರ್ಷ ದುಡ್ಡಿರೋದು ಒಂದಕ್ಕೇ. ಎರಡರಲ್ಲೂ ಬಣ್ಣಬಣ್ಣದ ಗ್ರಾಫ್ ಬರುತ್ತೆ, ಅದಕ್ಕೇ ಎರಡೂ ಒಂದೇ ಅನ್ನಿಸಿಬಿಡುತ್ತೆ. ಹುಟ್ಟಿದ ಮನೆ ನೋಡಿದ್ರೆ ಬೇರೆ ಬೇರೆ.

ಚಿತ್ರದ ಕಡೆಯದು ಹಳೇ ಮನೆತನ. 1786ರಲ್ಲಿ ವಿಲಿಯಂ ಪ್ಲೇಫೇರ್ ಅನ್ನೋ ಸ್ಕಾಟ್ಲೆಂಡಿನವನು ಇಂಗ್ಲೆಂಡಿನ ಆಮದು-ರಫ್ತಿನ ಲೆಕ್ಕವನ್ನ ಗೆರೆಗಳಲ್ಲಿ ಬರೆದು ಪುಸ್ತಕ ಮಾಡಿದ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಮಾತ್ರ ಅವನ ಹತ್ರ ಒಂದೇ ವರ್ಷದ ಅಂಕಿ ಇತ್ತು. ಒಂದು ವರ್ಷಕ್ಕೆ ಗೆರೆ ಎಳೆಯೋದು ಹೇಗೆ? ಒಂದೊಂದು ದೇಶಕ್ಕೂ ಅಡ್ಡಪಟ್ಟಿಗಳನ್ನ ಎಳೆದ. ಬಾರ್ ಚಾರ್ಟ್ ಬಂದಿದ್ದು ಹಾಗೆ, ಮಾಹಿತಿ ಸಾಲದೆ! ಪೈ ಚಾರ್ಟೂ ಅವನದ್ದೇ, 1801ರಲ್ಲಿ. ಎರಡು ಶತಮಾನ ಆದ್ಮೇಲೆ ಸ್ಟ್ಯಾನ್‌ಫರ್ಡಿನಲ್ಲಿ ಕ್ರಿಸ್ ಸ್ಟೋಲ್ಟೆ, ಪ್ಯಾಟ್ ಹ್ಯಾನ್ರಹಾನ್ ಇಬ್ಬರೂ ಪೊಲಾರಿಸ್ ಅನ್ನೋ ಸಂಶೋಧನೆ ಮಾಡಿದ್ರು. ಕಾಲಂಗಳನ್ನ ಮೌಸಲ್ಲಿ ಎಳೆದು ಹಾಕಿದ್ರೆ ಚಿತ್ರ ತಾನೇ ಮೂಡುತ್ತೆ. 2003ರಲ್ಲಿ ಅದೇ ಟ್ಯಾಬ್ಲೋ ಕಂಪನಿ ಆಯ್ತು. (ಈ ಹ್ಯಾನ್ರಹಾನ್ ಅದಕ್ಕೂ ಮೊದಲು ಪಿಕ್ಸಾರ್‌ನಲ್ಲಿದ್ದವರು, ಸಿನಿಮಾ ಚಿತ್ರಗಳ ರೆಂಡರ್‌ಮ್ಯಾನ್ ಹಿಂದಿನ ತಲೆ.)

ಇನ್ನೊಂದು ಮನೆತನದ್ದು ಗುಮಾಸ್ತರ ಕೆಲಸ. ವೆಬ್ ಸರ್ವರ್ ಬರೆದಿಡೋ ಲಾಗ್ ಫೈಲು ಓದಿ ಯಾವ ಪುಟಕ್ಕೆ ಎಷ್ಟು ಜನ ಬಂದ್ರು ಅಂತ ಎಣಿಸೋದು. ಹಾಗೆ ಎಣಿಸುತ್ತಿದ್ದ ಅರ್ಚಿನ್ ಕಂಪನಿಯನ್ನ ಗೂಗಲ್ 2005ರಲ್ಲಿ ಕೊಂಡು, ಅದೇ ವರ್ಷ ಅನಲಿಟಿಕ್ಸ್ ಅಂತ ಬಿಟ್ಟಿ ಕೊಡ್ತು. ಆಮೇಲೆ ಮೊಬೈಲ್ ಆಪ್ ಬಂತು ನೋಡಿ, ಅಲ್ಲಿ ಪುಟವೇ ಇಲ್ಲ! 2009ರ ಮಿಕ್ಸ್‌ಪ್ಯಾನೆಲ್, 2012ರ ಆಂಪ್ಲಿಟ್ಯೂಡ್ ಪುಟ ಬಿಟ್ಟು ಘಟನೆ ಹಿಡಿದವು. ಯಾರು, ಏನು ಒತ್ತಿದ್ರು, ಯಾವಾಗ. 2020ರಲ್ಲಿ ಗೂಗಲ್ಲೂ ಅದೇ ದಾರಿಗೆ ಬಂತು.

ಟ್ಯಾಬ್ಲೋಗೆ ಯಾವ ಕೋಷ್ಟಕ ಕೊಟ್ಟರೂ ನಡೆಯುತ್ತೆ, ಹತ್ತು ವರ್ಷ ಹಳೇದಾದ್ರೂ ಸರಿ. ಘಟನೆ ಎಣಿಸೋದು ಹಾಗಲ್ಲ. ಮೊದಲೇ ಕೋಡಿನಲ್ಲಿ ಹೇಳಿಟ್ಟಿದ್ದನ್ನ ಮಾತ್ರ ಬರೆದುಕೊಳ್ಳುತ್ತೆ. ಇವತ್ತು ಎಣಿಸದೆ ಬಿಟ್ಟ ಒತ್ತು ನಾಳೆ ಯಾವ ಚಿತ್ರದಲ್ಲೂ ಸಿಗಲ್ಲ. ಸೇರಿದವರು ಎರಡನೇ ವಾರಕ್ಕೇ ಯಾಕೆ ಮಾಯ ಆಗ್ತಾರೆ ಅನ್ನೋದು ನಮ್ಮ ತಲೆನೋವು, ಅದಕ್ಕೇ ನನ್ನ ವೋಟು ಎಣಿಸೋದಕ್ಕೆ. ಮಾರಾಟ ನೋಡಿಕೊಳ್ಳೋ ಗೆಳೆಯ ಮುಖ ಊದಿಸಿಕೊಂಡಿದ್ದಾನೆ, ಅವನಿಗೆ ಜಿಲ್ಲಾವಾರು ನಕ್ಷೆ ಬೇಕಂತೆ. ಸದ್ಯಕ್ಕೆ ಎಕ್ಸೆಲ್ ಇದೆಯಲ್ಲ ಮಾರಾಯ ಅಂದಿದ್ದೀನಿ.